ದೊಡ್ಡದಾತು ಎಂಬ ಮಾತು

ನಮ್ಮ ಊರು ಯಾವ ಅಗ್ನಿಶಾಮಕ ವಲಯಕ್ಕೆ ಸೇರಿದೆ ಎಂದು ಯಾರಾದರೂ ಕೇಳಿದರೆ ಈಗ ಗಡಿಯಾರ ನೋಡಿಕೊಂಡು ಉತ್ತರ ಹೇಳಬೇಕು. ಬೆಳಿಗ್ಗೆ ಎಂಟಕ್ಕೆ ಅದು ಹಾಲಕೊಪ್ಪದ ವಲಯದಲ್ಲಿರುತ್ತದೆ. ಗಾಳಿ ತಿರುಗಿತೆಂದರೆ ಎಂಟೂ ಹನ್ನೆರಡಕ್ಕೆ ಹಳ್ಳದಾಚೆಯ ವಲಯಕ್ಕೆ ಹೋಗಿರುತ್ತದೆ. ಊರು ಇದ್ದಲ್ಲೇ ಇರುತ್ತದೆ, ಗೆರೆ ಮಾತ್ರ ಓಡಾಡುತ್ತದೆ.

ಹಳೆಯ ವ್ಯವಸ್ಥೆ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಕುರಡಗೇರಿಯಲ್ಲಿ, ಅಂದರೆ ನಮ್ಮೂರಿನಲ್ಲಿ, ನಾಲ್ಕು ಬಣವೆಗಳು ಸುಟ್ಟವು. ಒಂಬತ್ತು ಕಿಲೋಮೀಟರ್ ದೂರದಲ್ಲಿ ಒಂದು ಅಗ್ನಿಶಾಮಕ ಗಾಡಿ ಸುಮ್ಮನೆ ನಿಂತಿತ್ತು. ಅದು ಪಕ್ಕದ ಜಿಲ್ಲೆಯದು, ಗಡಿ ದಾಟುವಂತಿರಲಿಲ್ಲ. ನಮ್ಮ ಜಿಲ್ಲೆಯ ಗಾಡಿ ನಲವತ್ತೊಂದು ಕಿಲೋಮೀಟರ್ ದೂರದಿಂದ ಬಂದು ಬೂದಿಗೆ ನೀರು ಹೊಡೆದು, ಸಹಿ ಹಾಕಿಸಿಕೊಂಡು ಹೋಯಿತು. ಆಮೇಲೆ ಊರವರೇ ಒಂದು ಟ್ರ್ಯಾಕ್ಟರಿಗೆ ನೀರಿನ ಟ್ಯಾಂಕು, ಪಂಪು ಕಟ್ಟಿದರು. ಅದಕ್ಕೆ ಗಂಗವ್ವ ಎಂದು ಹೆಸರಿಟ್ಟರು. ದಾವಲಸಾಬ ಕಾಕಾ ಅದರ ಡ್ರೈವರ್. ಮದುವೆ ಮನೆಗೆ ಊಟಕ್ಕೆ ಹೋದರೂ ಕೀಲಿಯನ್ನು ಸೊಂಟದ ಉಡದಾರಕ್ಕೆ ಸಿಕ್ಕಿಸಿಕೊಂಡೇ ಹೋಗುತ್ತಿದ್ದ.

ನಾನು ದೊಡ್ಡವಳಾಗುವಷ್ಟರಲ್ಲಿ ಪುನರ್‌ವಿಂಗಡಣೆ ಬಂತು.

ಸಮಗ್ರ ತುರ್ತುಸೇವಾ ಮಂಡಳಿ ಎಂಬುದೊಂದು ಹುಟ್ಟಿತು. ಜಿಲ್ಲೆ, ತಾಲ್ಲೂಕು, ಹೋಬಳಿಗಳ ಗಡಿಗಳೆಲ್ಲ ಬೆಂಕಿಯ ಮಟ್ಟಿಗೆ ರದ್ದಾದವು. ಅವುಗಳ ಜಾಗಕ್ಕೆ ತೇಲುವಲಯಗಳು ಬಂದವು. ಗಾಳಿಯಂತ್ರಗಳ ಕಂಬಗಳ ಮೇಲೆಲ್ಲ ಶಾಖದ ಕಣ್ಣುಗಳನ್ನು ಕೂರಿಸಿದರು. ಆ ಕಣ್ಣುಗಳು ಕಂಡದ್ದು, ಜನ ಫೋನಿನಲ್ಲಿ ಹೇಳಿದ್ದು, ಗಾಳಿಯ ದಿಕ್ಕು, ರಸ್ತೆಯ ಸ್ಥಿತಿ ಎಲ್ಲವೂ ಹಾಲಕೊಪ್ಪದ ನಿಯಂತ್ರಣ ಕೋಣೆಯ ಯಂತ್ರಕ್ಕೆ ಹೋಗುತ್ತವೆ. ಅದಕ್ಕೆ ಮಧ್ಯಸ್ಥ ಎಂದು ಹೆಸರು. ಹನ್ನೆರಡು ನಿಮಿಷಕ್ಕೊಮ್ಮೆ ಅದು ಇಡೀ ಬಯಲುಸೀಮೆಯ ಮೇಲೆ ಗೆರೆಗಳನ್ನು ಹೊಸದಾಗಿ ಎಳೆಯುತ್ತದೆ. ಬೆಂಕಿ ಬಿದ್ದರೆ, ಇಲ್ಲವೇ ಬಿದ್ದ ಬೆಂಕಿ ಆರಿದರೆ, ಹನ್ನೆರಡು ನಿಮಿಷವನ್ನೂ ಕಾಯುವುದಿಲ್ಲ. ಯಾವ ಗಾಡಿ ಯಾವ ಊರಿಗೆ ಬೇಗ ಮುಟ್ಟುತ್ತದೋ ಆ ಊರು ಆ ಗಾಡಿಗೆ. ಕೇಳಲು ಎಷ್ಟು ಚೆನ್ನಾಗಿದೆ ನೋಡಿ. ನನಗೂ ಹಾಗೇ ಅನ್ನಿಸಿತ್ತು.

ಗಂಗವ್ವನನ್ನು ಅನಧಿಕೃತ ಉಪಕರಣ ಎಂದು ಬರೆದುಕೊಂಡು ಪಂಪು ಬಿಚ್ಚಿ ಒಯ್ದರು. ಖಾಲಿ ಟ್ಯಾಂಕು ಶಾಲೆಯ ಪಕ್ಕ ಉಳಿಯಿತು. ಅದರ ನೆರಳಿನಲ್ಲಿ ಆಡುಗಳು ಮಲಗತೊಡಗಿದವು. ದಾವಲಸಾಬ ಕಾಕಾನಿಗೆ ಮಂಡಳಿಯ ಹದಿನಾಲ್ಕನೆಯ ಗಾಡಿಯ ಸ್ಟೀರಿಂಗ್ ಕೊಟ್ಟರು. ನನಗೂ ಕೆಲಸ ಕೊಟ್ಟರು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಎ.ಸಿ. ಕೋಣೆಯಲ್ಲಿ ಕುರ್ಚಿ!

ಕೆಲಸ ಏನೆಂದರೆ ಕೇಳುವುದು. ಮಧ್ಯಸ್ಥನಿಗೆ ಪುಸ್ತಕದ ಕನ್ನಡ ಬರುತ್ತಿತ್ತು, ನಮ್ಮ ಕಡೆಯ ಮಾತು ಬರುತ್ತಿರಲಿಲ್ಲ. ಹಿಂದಿನ ದಿನ ಬಂದ ಕರೆಗಳನ್ನು ಕೇಳಿ, ಯಂತ್ರ ಎಲ್ಲಿ ತಪ್ಪು ತಿಳಿದಿದೆ ಎಂದು ಗುರುತು ಹಾಕಬೇಕು. ಮಾತಾಡುವ ಕೆಲಸವಾಗಿದ್ದರೆ ನಾನು ಒಪ್ಪುತ್ತಿರಲಿಲ್ಲ. ಕಿವಿಗೆ ಹಾಕಿಕೊಂಡು ಬೆರಳಿನಿಂದ ಒತ್ತುವುದಷ್ಟೇ ಎಂದದ್ದಕ್ಕೆ ಹೋದೆ.

ನಮ್ಮ ಕೋಣೆಯ ಮುಖ್ಯಸ್ಥ ವಿನೋದ ಹೆರ್ಲೇಕರ. ವಯಸ್ಸು ನಲವತ್ತರ ಆಸುಪಾಸು, ಯಾವಾಗಲೂ ಕೈಗೆ ಘಮಘಮ ದ್ರವ ಹಚ್ಚಿಕೊಂಡು ತಿಕ್ಕುತ್ತಿದ್ದ. ಯಾರನ್ನೂ ಗದರುತ್ತಿರಲಿಲ್ಲ. ನನ್ನ ಹೆಸರು ಫಕ್ಕೀರವ್ವ. ಅವನು "ಫಕೀರಾ ಮೇಡಂ" ಎನ್ನುತ್ತಿದ್ದ, ಪಕ್ಕದವರು ನಗುತ್ತಿದ್ದರು.

ಆ ಮಾತು ಬಂದದ್ದು ಎರಡನೆಯ ತಿಂಗಳಲ್ಲಿ. ಹಿರೇಹಾಳದ ಒಬ್ಬ ಅಜ್ಜಿ ಫೋನು ಮಾಡಿ, ಬಿರುಗಾಳಿಗೆ ವಿದ್ಯುತ್ ತಂತಿ ಹರಿದಿದೆ, ಮನೆಯಲ್ಲಿ ಎಲ್ಲ ಕಡೆ "ದೀಪ ದೊಡ್ಡದಾಗ್ಯಾವ" ಎಂದಿದ್ದಳು. ಮಧ್ಯಸ್ಥ ಎರಡು ಗಾಡಿ ಕಳಿಸಿತು. ಗಾಡಿಯವರು ಹೋಗಿ ನೋಡಿದರೆ ಕತ್ತಲೆಯಲ್ಲಿ ಅಜ್ಜಿ ಒಬ್ಬಳೇ ಕೂತು ಅವಲಕ್ಕಿ ತಿನ್ನುತ್ತಿದ್ದಳಂತೆ. ಹೆರ್ಲೇಕರ ಎಲ್ಲರನ್ನೂ ದೊಡ್ಡ ಮೇಜಿನ ಸುತ್ತ ಕೂರಿಸಿ ಆ ಕರೆ ಹಾಕಿದ. ಯಾರಿಗೂ ಅರ್ಥವಾಗಲಿಲ್ಲ. ನನಗೆ ಅರ್ಥವಾಗಿತ್ತು. ಹೇಳಲೋ ಬೇಡವೋ ಎಂದು ಸೆರಗಿನ ತುದಿ ಸುತ್ತುತ್ತ ಕೂತಿದ್ದೆ.

"ಫಕೀರಾ ಮೇಡಂ ಏನೋ ಹೇಳಬೇಕು ಅಂತಿದ್ದಾರೆ," ಎಂದ ಹೆರ್ಲೇಕರ.

ನಾನು ಹೇಳಿದೆ. ನಮ್ಮಲ್ಲಿ ದೀಪ ಆರಿತು ಅನ್ನಬಾರದು, ಆರಿಸು ಅಂತಲೂ ಅನ್ನಬಾರದು. ದೀಪ ದೊಡ್ಡದು ಮಾಡು ಅಂತಾರೆ. ದೊಡ್ಡದಾತು ಅಂದರೆ ಆರಿತು ಅಂತಲೇ ಅರ್ಥ. ಬಳೆ ಒಡೆದರೆ ಹೆಚ್ಚಿತು ಅನ್ನುವ ಹಾಗೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬಳು ನನ್ನ ಬೆನ್ನು ಸವರಿದಳು. ನನ್ನ ಮುಖ ಸುಡುತ್ತಿತ್ತು, ಕಣ್ಣು ಮೇಲೆತ್ತಲಾಗಲಿಲ್ಲ. ಆ ಚಪ್ಪಾಳೆಯ ನಡುವೆಯೇ ನಾನು ಇನ್ನೊಂದು ಮಾತು ಹೇಳಿದೆ. "ಅದು ದೀಪಕ್ಕ ಅಷ್ಟರೀ, ಬೆಂಕಿಗೆ ಹಂಗನ್ನೂದಿಲ್ಲ. ಬೆಂಕಿ ದೊಡ್ಡದಾತು ಅಂದ್ರ ದೊಡ್ಡದಾತು ಅಂತನ."

ಹೇಳಿದೆ. ಅಷ್ಟಂತೂ ನನಗೆ ಖಚಿತವಾಗಿ ಗೊತ್ತು. ಆದರೆ ಮೇಜು ನೋಡಿಕೊಂಡು ಹೇಳಿದ್ದೆ.

ಆ ದಿನ ಮನೆಗೆ ಹೋಗಿ ಚಿಗವ್ವನಿಗೆ ಎಲ್ಲ ಹೇಳಿದೆ. ಚಿಗವ್ವ ಅಂದರೆ ನನ್ನ ತಾಯಿಯ ತಂಗಿ ಬಾಳವ್ವ. ನನ್ನನ್ನು ಸಾಕಿದವಳು. ಕೌದಿ ಹೊಲಿಯುವುದರಲ್ಲಿ ಸುತ್ತ ಹತ್ತೂರಿಗೆ ಹೆಸರಾದವಳು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಅವಳು ಹಾಕುವ ಹೊಲಿಗೆ ಇರುವೆ ಸಾಲಿನ ಹಾಗೆ ನೆಟ್ಟಗಿರುತ್ತಿತ್ತು. ಅವಳು ಸೂಜಿ ಬಾಯಿಯಲ್ಲಿ ಕಚ್ಚಿಕೊಂಡೇ ನಕ್ಕಳು.

"ಅಲ್ಲ, ಅಷ್ಟ ದೊಡ್ಡ ಮಿಶನ್ನಿಗೆ ದೀಪದ ಮಾತು ಗೊತ್ತಿಲ್ಲಂದ್ರ ಅದರ ಅವ್ವ ಅದಕ್ಕ ಏನ ಕಲಿಸ್ಯಾಳ?"

"ಅದಕ್ಕ ಅವ್ವ ಇಲ್ಲ ಚಿಗವ್ವ."

"ಹಂಗಾರ ನೀನ ಆಗು," ಎಂದು ದೇವರ ಮುಂದಿನ ದೀಪದ ಬತ್ತಿಯನ್ನು ಎರಡು ಬೆರಳಿನಿಂದ ಒತ್ತಿದಳು. "ದೊಡ್ಡದ ಮಾಡಿದೆ. ಊಟಕ್ಕೇಳು."

ಏಪ್ರಿಲ್ ಮಧ್ಯದಲ್ಲಿ ಕೋಣೆಗೆ ಕೇಕು ತಂದರು. ಗಾಡಿ ತಲುಪುವ ಸರಾಸರಿ ಹೊತ್ತು ಒಂಬತ್ತು ನಿಮಿಷಕ್ಕಿಂತ ಕಡಿಮೆಯಾಗಿ ನೂರು ದಿನ ತುಂಬಿತ್ತು. ಆಗ ಮಧ್ಯಾಹ್ನ ಎರಡೂವರೆ. ಕೇಕಿನ ಮೇಲೆ ಕೆಂಪು ಕೆನೆಯಲ್ಲಿ ಒಂದು ಗಾಡಿಯ ಚಿತ್ರ ಬರೆದಿತ್ತು. ಹೆರ್ಲೇಕರ ಚಾಕು ಹಿಡಿದು ಭಾಷಣ ಮಾಡುತ್ತಿದ್ದಾಗ ಗೋಡೆಯ ನಕ್ಷೆಯಲ್ಲಿ ಕುರಡಗೇರಿಯ ಮೇಲೆ ಕೆಂಪು ಚುಕ್ಕೆ ಎದ್ದಿತು.

ನಾನು ಎದ್ದು ನಿಂತೆ. ಯಾರೂ ಗಮನಿಸಲಿಲ್ಲ. ಹದಿನಾಲ್ಕನೆಯ ಗಾಡಿ ಹೊರಟಿತು. ಅದು ದಾವಲಸಾಬ ಕಾಕಾನ ಗಾಡಿ ಎಂದು ಗೊತ್ತಿದ್ದರಿಂದ ಸ್ವಲ್ಪ ಧೈರ್ಯ ಬಂತು. ನಕ್ಷೆಯಲ್ಲಿ ಅದರ ಗುರುತು ದಾರಿಯ ಮೇಲೆ ಹರಿಯುತ್ತ ಬಂತು. ಏಳನೆಯ ನಿಮಿಷಕ್ಕೆ ಕೆಂಪು ಚುಕ್ಕೆ ಹಸಿರಾಯಿತು, ಪಕ್ಕದಲ್ಲಿ ಸರಿ ಎಂಬ ಗುರುತು ಮೂಡಿತು. ಬೆಂಕಿ ಆರಿದೆ, ಪ್ರಕರಣ ಮುಗಿದಿದೆ.

ನಾನು ಮತ್ತೆ ಕುರ್ಚಿಗೆ ಕೂತೆ. ಯಾವನೋ ಕೈಗೆ ಕಾಗದದ ತಟ್ಟೆ ಕೊಟ್ಟ. ನಾನು ಕೇಕು ತಿಂದೆ. ಇನ್ನೊಂದು ತುಂಡು ಬೇಕೇ ಎಂದರು, ಅದನ್ನೂ ತಿಂದೆ. ಹೆರ್ಲೇಕರ ಬೆರಳಿಗೆ ಹತ್ತಿದ ಕೆನೆಯನ್ನು ನೆಕ್ಕಿ, ಆ ಬೆರಳಿನಿಂದಲೇ ನಕ್ಷೆಯ ಹಸಿರು ಚುಕ್ಕೆಗಳನ್ನು ತೋರಿಸುತ್ತಿದ್ದ. ಆ ಕೆನೆಯ ಜಿಡ್ಡು ನನ್ನ ಅಂಗುಳಕ್ಕೆ ಅಂಟಿಕೊಂಡದ್ದು ಇಂದಿಗೂ ಹೋಗಿಲ್ಲ. ಸಿಹಿ ಮುಂದೆ ಬಂದರೆ ತಟ್ಟೆ ಸರಿಸಿಬಿಡುತ್ತೇನೆ.

ಸಂಜೆಯ ಬಸ್ಸು ಹುಣಸೆ ಗಿಡದ ತಿರುವಿಗೆ ಬಂದಾಗ ವಾಸನೆ ಮೊದಲು ಬಂತು. ಸುಟ್ಟ ಹುಲ್ಲಿನ ಮೇಲೆ ನೀರು ಬಿದ್ದರೆ ಒಂದು ಕೊಳೆತ ವಾಸನೆ ಏಳುತ್ತದೆ. ಅದರ ಜೊತೆ ಕೂದಲು ಸುಟ್ಟ ಕಮಟು, ಚರ್ಮದ್ದು, ಮತ್ತೆ ಹೇಳಲಾಗದ ಇನ್ನೇನೋ. ನಮ್ಮ ಹಿತ್ತಲಲ್ಲಿ ಕೆಂಚಿ ಎಂಬ ಎಮ್ಮೆ ಕಟ್ಟಿದ ಗೂಟದಲ್ಲೇ ಸತ್ತಿತ್ತು. ಅದರ ಹೊಟ್ಟೆ ಊದಿ ಬಿರಿದಿತ್ತು, ನೊಣಗಳು ಕತ್ತಲಾಗುವುದನ್ನೂ ಕಾಯದೆ ಮುತ್ತಿದ್ದವು. ಚಿಗವ್ವನನ್ನು ಹಾಲಕೊಪ್ಪದ ಆಸ್ಪತ್ರೆಗೆ ಒಯ್ದಿದ್ದರು. ನಾನು ಬಂದ ದಾರಿಯಲ್ಲೇ ತಿರುಗಿ ಹೋದೆ.

ಅವಳ ಎರಡೂ ಕೈಗಳಿಗೆ ಮೊಣಕೈತನಕ ಬಿಳಿ ಬಟ್ಟೆ ಸುತ್ತಿದ್ದರು. ಎಮ್ಮೆಯ ಹಗ್ಗ ಬಿಚ್ಚಲು ಹೋಗಿದ್ದಳು. ಹಗ್ಗ ನೈಲಾನಿನದು, ಕರಗಿ ಬೆರಳುಗಳಿಗೆ ಅಂಟಿಕೊಂಡಿತ್ತು.

"ಪಕ್ಕೀ," ಎಂದಳು. "ಗಾಡಿ ಬಂದಿತ್ತವಾ. ಮಾಳಿಗಿ ಮ್ಯಾಲ ನಿಂತು ನಾನ ನೋಡೇನಿ. ಹುಣಸಿ ಗಿಡದ ತನಕ ಬಂತು, ಅಲ್ಲೆ ಹೊಳ್ಳಿ ಹೋತು. ನಾ ಫೋನಿನ್ಯಾಗ ಏನರ ತಪ್ಪ ಮಾತಾಡಿದ್ನೇನು?"

ನನಗೆ ಆಗಲೇ ಗೊತ್ತಾಗಿರಬೇಕು. ಆದರೂ "ಇಲ್ಲ ಚಿಗವ್ವ" ಎಂದೆ.

ಮರುದಿನ ಕೆಲಸಕ್ಕೆ ಹೋಗಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡೆ. ನಿನ್ನೆಯ ಕರೆಗಳನ್ನು ಕೇಳುವುದು ನನ್ನ ಕೆಲಸವೇ ತಾನೇ. ಎರಡು ಗಂಟೆ ಮೂವತ್ತೊಂದು ನಿಮಿಷಕ್ಕೆ ಚಿಗವ್ವನ ಮೊದಲ ಕರೆ: ಬಣವಿಗೆ ಬೆಂಕಿ ಹತ್ತೈತಿ, ಕುರಡಗೇರಿ, ಲಗೂನ ಬರ್ರಿ. ಎರಡು ಗಂಟೆ ಮೂವತ್ತೆಂಟಕ್ಕೆ ಎರಡನೆಯ ಕರೆ: "ಯವ್ವಾ, ಬೆಂಕಿ ದೊಡ್ಡದಾತ್ರೀ." ಅಷ್ಟಕ್ಕೆ ಮಧ್ಯಸ್ಥ ಬರೆದಿತ್ತು: ಬೆಂಕಿ ಆರಿದೆ, ಕರೆ ಮಾಡಿದವರಿಂದಲೇ ಖಚಿತ. ಮುಕ್ತಾಯ.

ಮುಕ್ತಾಯವಾದ ಕೂಡಲೇ ಗೆರೆ ಸರಿದಿತ್ತು. ಕುರಡಗೇರಿ ಹದಿನಾಲ್ಕನೆಯ ಗಾಡಿಯ ವಲಯದಿಂದ ಹೊರಗೆ ಹೋಗಿ ಹಳ್ಳದಾಚೆಯ ವಲಯಕ್ಕೆ ಸೇರಿತ್ತು. ಕಂಬದ ಮೇಲಿನ ಶಾಖದ ಕಣ್ಣು ಉರಿಯನ್ನು ಕಂಡೇ ಇತ್ತು. ಆದರೆ ಕೂಳೆ ಸುಡುವ ಕಾಲದಲ್ಲಿ ಎಲ್ಲ ಹೊಲಗಳೂ ಕಾವಾಗಿರುತ್ತವೆ, ಹಾಗಾಗಿ ಕಣ್ಣಿಗಿಂತ ಮನುಷ್ಯರ ಮಾತೇ ಮೇಲು ಎಂದು ನಿಯಮ ಮಾಡಿದ್ದರು. ಆರಿದ ಬೆಂಕಿಯ ಕಾವು ಎಂದು ಬರೆದುಕೊಂಡು ಕಣ್ಣು ಸುಮ್ಮನಾಗಿತ್ತು. ಊರಿನಿಂದ ಆಮೇಲೆ ಹನ್ನೊಂದು ಕರೆ ಬಂದಿದ್ದವು. ಮುಗಿದ ಪ್ರಕರಣದ ಮರುಕರೆಗಳೆಂದು ಅವು ಸಾಲಿನ ಕೊನೆಗೆ ಹೋಗಿದ್ದವು. ಬೇರೆ ಗಾಡಿ ಬಂದು ನೀರು ಹೊಡೆದದ್ದು ಮೂವತ್ತೆಂಟು ನಿಮಿಷದ ಮೇಲೆ. ಅದನ್ನು ಹೊಸ ಪ್ರಕರಣವೆಂದು ಲೆಕ್ಕ ಹಿಡಿದಿದ್ದರಿಂದ ಸರಾಸರಿಯೂ ಕೆಟ್ಟಿರಲಿಲ್ಲ. ಆ ದಿನದ ಸರಾಸರಿ ಎಂಟು ನಿಮಿಷ ನಲವತ್ತು ಸೆಕೆಂಡು.

ಕರೆ ಮುಕ್ತಾಯವಾದರೂ ಚಿಗವ್ವ ಫೋನು ಇಟ್ಟಿರಲಿಲ್ಲ. ಧ್ವನಿ ಮುಂದುವರಿದಿತ್ತು. ಯಂತ್ರ ಕೇಳುವುದನ್ನು ಬಿಟ್ಟಿತ್ತು, ಮುದ್ರಿಸುವುದನ್ನು ಬಿಟ್ಟಿರಲಿಲ್ಲ. ನಾಲ್ಕು ನಿಮಿಷ. ನಾನು ಅರ್ಧದಲ್ಲಿ ಕಿವಿಯಿಂದ ತೆಗೆದಿಟ್ಟು ಎದ್ದೆ.

ಹೆರ್ಲೇಕರನಿಗೆ ಹೇಳಿದೆ. ಅವನು ಕೈ ತಿಕ್ಕಿಕೊಳ್ಳುತ್ತ ಕೇಳಿದ. "ತುಂಬಾ ಬೇಸರದ ವಿಷಯ. ಆದರೆ ದೊಡ್ಡದಾತು ಅಂದರೆ ಆರಿತು ಅಂತ ನಮಗೆ ಹೇಳಿಕೊಟ್ಟವರು ಯಾರು ಮೇಡಂ?" ಎಂದ.

ವಾರದೊಳಗೆ ಶಾಲೆಯ ಗೋಡೆಗೆ ಮಂಡಳಿಯ ಕಾಗದ ಅಂಟಿಸಿದರು. ಪ್ರತಿ ಊರಿಗೂ ಒಂದು ನಂಬಿಕೆಯ ಅಂಕ ಇರುತ್ತದೆ. ಸುಳ್ಳು ಕರೆ, ತಪ್ಪು ಮಾಹಿತಿ ಕೊಟ್ಟರೆ ಅದು ಇಳಿಯುತ್ತದೆ. ಕುರಡಗೇರಿಯದು ಎಂಬತ್ತೆರಡು ಇದ್ದದ್ದು ಮೂವತ್ತೊಂದಕ್ಕೆ ಇಳಿದಿತ್ತು. ಕಾರಣದ ಜಾಗದಲ್ಲಿ, ಕರೆ ಮಾಡಿದ ಬಾಳವ್ವ ಎಂಬುವರಿಂದ ತಪ್ಪು ಮಾಹಿತಿ ಎಂದು ಬರೆದಿತ್ತು. ನಲವತ್ತಕ್ಕಿಂತ ಕೆಳಗಿಳಿದ ಊರಿಗೆ ಒಂದು ಕರೆಗೆ ಗಾಡಿ ಹೊರಡುವುದಿಲ್ಲ. ಬೇರೆ ಬೇರೆ ಮನೆಗಳಿಂದ ಮೂರು ಕರೆ ಬರಬೇಕು, ಶಾಖದ ಕಣ್ಣೂ ಒಪ್ಪಬೇಕು. ಎರಡು ವರ್ಷ ಹಾಗೆಯೇ ಇರುತ್ತದೆ.

ಎರಡು ವರ್ಷ ಅಂದರೆ ಎರಡು ಬೇಸಿಗೆ. ಊರ ತುಂಬ ಜೋಳದ ಕಣಿಕೆಯ ಬಣವೆಗಳು ಒಂದರ ಪಕ್ಕ ಒಂದು ನಿಂತಿವೆ.

ಜನ ಕಾಗದ ಓದಿ ನಮ್ಮ ಮನೆಯ ಕಡೆ ನೋಡತೊಡಗಿದರು. ಮನೆ ಮುಂದಿನ ನೀರಿನ ನಳದ ಹತ್ತಿರ ಎದುರು ಮನೆಯ ಈರವ್ವ ನನಗೆ ಕೇಳಿಸುವಂತೆ ಇನ್ನೊಬ್ಬಳಿಗೆ ಹೇಳಿದಳು. "ಉರಿಯೂ ಬೆಂಕಿ ಆರೇತಿ ಅಂತ ಹೇಳಿದ್ಲಂತ ನೋಡು. ಕೌದಿ ಹೊಲದಾಂಗ ಮಾತೂ ಹೊಲೀತಾಳ." ಮಗ್ಗುಲಿನವಳು ಕಿಸಕ್ಕನೆ ನಕ್ಕಳು. ಚಿಗವ್ವ ಆಸ್ಪತ್ರೆಯಿಂದ ಬಂದಿದ್ದಳು, ಬಾಗಿಲಲ್ಲೇ ಕೂತಿದ್ದಳು, ಅವಳಿಗೂ ಕೇಳಿಸಿತು. ನಾನು ಅನ್ನ ಕಲಸಿ ಬಾಯಿಗಿಟ್ಟರೆ ಅಂದು ಬಾಯಿ ತೆರೆಯಲಿಲ್ಲ.

"ನಾ ಹಂಗ ಅಂದಿಲ್ಲಂತ ಅವರಿಗೆ ಹೇಳ ಪಕ್ಕೀ. ಕೈ ಹೋದ್ರ ಹೋಗ್ಲಿ. ಊರಿಗೆ ಸುಳ್ಳಗಿತ್ತಿ ಆಗಿ ಇರಾಕ ಆಗೂದಿಲ್ಲ."

ಊರವರು ಅರ್ಜಿ ಕೊಟ್ಟರು. ಮಂಡಳಿ ವಿಚಾರಣೆ ಇಟ್ಟಿತು.

ವಿಚಾರಣೆ ನಡೆದದ್ದು ಕೇಕು ಕತ್ತರಿಸಿದ ಮೇಜಿನ ಸುತ್ತಲೇ. ಮೇಲಿನ ಕಚೇರಿಯಿಂದ ಮುದೇನಗುಡಿ ಎಂಬ ಅಧಿಕಾರಿಣಿ ಬಂದಿದ್ದರು. ಕನ್ನಡಕದ ದಾರವನ್ನು ಕುತ್ತಿಗೆಗೆ ಹಾಕಿಕೊಂಡು, ಎಲ್ಲರ ಮಾತನ್ನೂ ತಾವೇ ಬರೆದುಕೊಳ್ಳುತ್ತಿದ್ದರು. ಕಟ್ಲೆಟ್ಟು, ಟೊಮ್ಯಾಟೊ ಸಾಸು ಇಟ್ಟಿದ್ದರು. ಅವರು ಮುಟ್ಟಲಿಲ್ಲ. ಉಳಿದವರು ತಿಂದರು.

ಮೊದಲು ದಾವಲಸಾಬ ಕಾಕಾನನ್ನು ಕರೆದರು.

"ಹೊಗೆ ಕಾಣಿಸಲಿಲ್ಲವೇ ನಿಮಗೆ?"

"ಕಂಡಿತ್ರೀ ಬಾಯಾರ. ಉರೀನೂ ಕಂಡಿತ್ತು."

"ಮತ್ತೆ ಯಾಕೆ ತಿರುಗಿಸಿದಿರಿ?"

"ಗೆರಿ ಸರದಿತ್ರೀ. ಗೆರಿ ಹೊರಗ ಹ್ವಾದ್ರ ಗಾಡಿ ಪಂಪ್ ಲಾಕ್ ಆಗತೈತಿ. ಟಾಕಿ ತುಂಬ ನೀರ ಇಟಗೊಂಡು ಬೆಂಕಿ ಮುಂದ ನಿಂತು ನಾ ಏನ ಉಚ್ಚಿ ಹೊಯ್ಯಲ್ರೀ?" ಎಂದವನು ನಾಲಿಗೆ ಕಚ್ಚಿಕೊಂಡ. "ತಪ್ಪಾತ್ರೀ. ಆದ್ರ ಅದ ಖರೆ. ನಮ್ಮ ಗಂಗವ್ವಗ ಇಂಥಾ ಬುದ್ಧಿ ಇರ್ಲಿಲ್ಲ. ಒದ್ರ ಚಾಲೂ ಆಗ್ತಿದ್ಲು."

ಒಂದು ಗಾಡಿ ಇನ್ನೊಂದರ ವಲಯದಲ್ಲಿ ನೀರು ಖಾಲಿ ಮಾಡಿಕೊಂಡರೆ ಸಮತೋಲನ ಕೆಡುತ್ತದೆ, ಅದಕ್ಕೇ ಆ ಬೀಗ ಎಂದು ಹೆರ್ಲೇಕರ ವಿವರಿಸಿದ. ಸಮತೋಲನ ಎಂಬ ಮಾತನ್ನು ಆ ಒಂದು ಗಂಟೆಯಲ್ಲಿ ಅವನು ಎಷ್ಟು ಸಲ ಅಂದನೋ. ಆ ಮಾತು ಅವನ ಬಾಯಿಂದ ಬಂದಾಗಲೆಲ್ಲ ನನಗೆ ಆ ಕೆನೆಯ ರುಚಿ ನೆನಪಾಗುತ್ತಿತ್ತು.

ಆಮೇಲೆ ನನ್ನ ಸರದಿ. ಅಂದು ಮೇಜಿನ ಸುತ್ತ ಏನು ಹೇಳಿದೆ ಎಂದು ಕೇಳಿದರು. ಹೇಳಿದೆ. ಬೆಂಕಿಗೆ ಆ ಮಾತು ಅನ್ವಯಿಸುವುದಿಲ್ಲ ಎಂದೂ ಅವತ್ತೇ ಹೇಳಿದ್ದೆ ಎಂದೆ.

"ಹಾಗೆ ಹೇಳಿದ್ದು ನಮಗ್ಯಾರಿಗೂ ನೆನಪಿಲ್ಲ," ಎಂದ ಹೆರ್ಲೇಕರ, ಮೆತ್ತಗೆ. ಕೋಣೆಯವರೆಲ್ಲ ತಟ್ಟೆ ನೋಡಿದರು. ನನ್ನ ಬೆನ್ನು ಸವರಿದ್ದವಳು ಸಾಸಿನಲ್ಲಿ ಕಟ್ಲೆಟ್ಟು ಅದ್ದುತ್ತಿದ್ದಳು.

ಆ ಕೋಣೆಯಲ್ಲಿ ನಡೆದ ಸಭೆಗಳನ್ನೆಲ್ಲ ಮಧ್ಯಸ್ಥ ಕೇಳಿ ಬರೆದಿಡುತ್ತದೆ ಎಂಬುದು ನನಗೆ ಗೊತ್ತಿತ್ತು. ಸುಮ್ಮನೆ ಕೂತು ನೋಡುವವರಿಗೆ ಇಂಥವು ಗೊತ್ತಾಗುತ್ತವೆ. "ಬರೆದದ್ದು ಇರತೈತ್ರೀ, ತೆಗಸ್ರೀ," ಎಂದೆ. ಹೆರ್ಲೇಕರನ ಕೈ ತಿಕ್ಕುವುದು ನಿಂತಿತು.

ತೆಗೆಸಿದರು. ಪರದೆಯ ಮೇಲೆ ಸಾಲುಗಳು ಬಂದವು. ಚಪ್ಪಾಳೆ ಎಂದು ಬರೆದು, ಅದರ ಕೆಳಗೆ: ಅದು ದೀಪಕ್ಕ ಅಷ್ಟರೀ, ಬೆಂಕಿಗೆ ಹಂಗನ್ನೂದಿಲ್ಲ. ಒಂದಕ್ಷರ ತಪ್ಪಿರಲಿಲ್ಲ. ಅಷ್ಟು ಜನ ಮನುಷ್ಯರಿಗೆ ಕೇಳದ ಮಾತು ಆ ಯಂತ್ರಕ್ಕೆ ಕೇಳಿತ್ತು. ಮುಂದೆ ಬೇರೆ ಬಣ್ಣದಲ್ಲಿ ಇನ್ನೊಂದು ಸಾಲಿತ್ತು: ಧ್ವನಿ ಸಣ್ಣದು, ಪರಿಶೀಲಿಸಬೇಕೇ? ಅದರ ಎದುರು: ಬೇಡ. ಒತ್ತಿದವರು, ವಿ. ಹೆರ್ಲೇಕರ.

ಮುದೇನಗುಡಿ ಮೇಡಂ ಕನ್ನಡಕ ತೆಗೆದರು. ಹತ್ತು ನಿಮಿಷ ಬಿಡುವು ಎಂದರು.

ಬಿಡುವಿನಲ್ಲಿ ಹೆರ್ಲೇಕರ ನನ್ನನ್ನು ಕಿಟಕಿಯ ಹತ್ತಿರ ಕರೆದ. ಅವನು ಬೆದರಿಸಲಿಲ್ಲ. ಬೆದರಿಸಿದ್ದರೆ ಚೆನ್ನಾಗಿರುತ್ತಿತ್ತು.

"ನೋಡಿ ಮೇಡಂ, ಇದು ಯಂತ್ರದ ತಪ್ಪು ಅಂತ ಬರೆದರೆ ಇಡೀ ಪುನರ್‌ವಿಂಗಡಣೆಯ ತನಿಖೆ ಆಗಬೇಕು. ತನಿಖೆ ಮುಗಿಯಲು ಎರಡು ವರ್ಷವೋ ಮೂರು ವರ್ಷವೋ. ಅಲ್ಲಿಯತನಕ ಯಾವ ಊರಿನ ಅಂಕವನ್ನೂ ಬದಲಿಸುವ ಹಾಗಿಲ್ಲ. ನಿಮ್ಮ ಊರಿನದು ಮೂವತ್ತೊಂದೇ ಇರುತ್ತದೆ. ಅದೇ ಆ ಮಾತಿನ ಮಾಹಿತಿ ಕೊಟ್ಟ ನೀವು ಅವತ್ತು ಸ್ಪಷ್ಟವಾಗಿ ಹೇಳಲಿಲ್ಲ ಅಂತಾದರೆ ಸಿಬ್ಬಂದಿಯ ಸಣ್ಣ ಲೋಪ. ಇವತ್ತೇ ಮುಗಿಯುತ್ತದೆ. ನಿಮ್ಮ ಚಿಕ್ಕಮ್ಮನ ಹೆಸರು ತೆಗೆಯುತ್ತೇವೆ, ಊರಿನ ಅಂಕ ಎಂಬತ್ತೆರಡಕ್ಕೆ ಏರುತ್ತದೆ. ಯೋಚಿಸಿ."

"ನೀವು ಬ್ಯಾಡ ಅಂತ ಒತ್ತೀರಲ್ರೀ," ಎಂದೆ.

"ದಿನಕ್ಕೆ ಇನ್ನೂರು ಸಲ ಕೇಳುತ್ತದೆ ಅದು. ಎಲ್ಲದಕ್ಕೂ ಬೇಡ ಅಂತಲೇ ಒತ್ತೋದು," ಎಂದ. ಅವನಿಗೆ ನಾಚಿಕೆ ಏನೂ ಆಗಿರಲಿಲ್ಲ. ಅವನ ಕೈಯ ಘಮಘಮ ನನ್ನ ಮೂಗಿಗೆ ಬಡಿಯುತ್ತಿತ್ತು.

ನಾನು ಮುದೇನಗುಡಿ ಮೇಡಂ ಹತ್ತಿರ ಹೋಗಿ ಕೇಳಿದೆ. ಅವನು ಹೇಳಿದ್ದು ನಿಜವೇ ಎಂದು. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. "ನಿಯಮ ಹಾಗೇ ಇದೆಯಮ್ಮ," ಎಂದರು. "ನಾನು ಬರೆದ ನಿಯಮ ಅಲ್ಲ." ಆಮೇಲೆ ತಗ್ಗಿದ ದನಿಯಲ್ಲಿ, "ನೀನು ಅವತ್ತು ಇನ್ನೊಂಚೂರು ಗಟ್ಟಿಯಾಗಿ ಹೇಳಿದ್ದರೆ..." ಎಂದರು.

ಬಣವೆಗಳು ಕಣ್ಣ ಮುಂದೆ ಬಂದವು. ಬಾಗಿಲಲ್ಲಿ ಕೂತ ಚಿಗವ್ವ ಬಂದಳು.

"ಸಹಿ ಮಾಡ್ತೀನ್ರೀ," ಎಂದೆ. "ಆದ್ರ ಮೊದಲ ಚಿಗವ್ವನ ಎರಡನೇ ಕರೆ ಪೂರ್ತಿ ಹಚ್ರೀ. ಎಲ್ಲಾರೂ ಕೂತು ಕೇಳ್ಬೇಕು. ತಟ್ಟಿ ಕೆಳಗ ಇಡ್ರೀ."

ಅದನ್ನು ಹೇಳಿದ್ದು ನಾನೇ. ನನಗೇ ಆಶ್ಚರ್ಯವಾಯಿತು. ಅದರ ಅಗತ್ಯವಿಲ್ಲ ಎಂದು ಹೆರ್ಲೇಕರ ಎದ್ದ. ಮುದೇನಗುಡಿ ಮೇಡಂ "ಕೂತುಕೊಳ್ಳಿ" ಎಂದರು.

ಹಚ್ಚಿದರು.

"ಯವ್ವಾ, ಬೆಂಕಿ ದೊಡ್ಡದಾತ್ರೀ." ಅಲ್ಲಿಗೆ ಯಂತ್ರದ ಟಿಂಗ್ ಎಂಬ ಸದ್ದು, ಮುಕ್ತಾಯದ್ದು. ಆಮೇಲೆ ಯಾರೂ ಕೇಳದೆ ಬಿಟ್ಟ ನಾಲ್ಕು ನಿಮಿಷ.

"ಲಗೂನ ಬರ್ರೀ. ಎಮ್ಮಿ ಮೇವಿನ ಗ್ವಾದಲಿಗೆ ಹತ್ತಾಕತ್ತೇತಿ... ಕೇಳಾಕತ್ತೀರೇನ್ರೀ? ಹಲೋ? ಅಗೋ, ಗಾಡಿ ಕಾಣತೇತಿ! ಬಂತ್ರೀ, ಬಂತು, ಹುಣಸಿ ಗಿಡದ ಹತ್ರ ಬಂತು. ನಿಮ್ಮ ಹೊಟ್ಟಿ ತಣ್ಣಗಿರಲೆಪಾ." ಉಬ್ಬಸದ ನಗು. "ಏ ಕೆಂಚೀ, ತಡೀ, ಬಂತು... ಅಯ್ಯ. ಯಾಕ್ರೀ? ಯಾಕ ಹೊಳ್ಳಿತ್ರೀ ಅದು? ಇತ್ತಲಾಗ ಐತ್ರೀ ಬೆಂಕಿ, ಇತ್ತಲಾಗ! ಹಲೋ? ದಾರಿ ತಪ್ಪಿದ್ನೇನವ್ವಾ ಅವ... ಇಲ್ಲೈತ್ರೀ! ಇಲ್ಲೆ!" ಆಮೇಲೆ ಎಮ್ಮೆಯ ಕೂಗು. ಆಮೇಲೆ ಫೋನು ಎಲ್ಲೋ ಕಲ್ಲಿನ ಮೇಲೆ ಬಿದ್ದ ಸದ್ದು. ಆಮೇಲೆ ಬರಿ ಉರಿಯುವ ಸದ್ದು, ಮಳೆ ಹೊಯ್ದ ಹಾಗೆ.

ದಾವಲಸಾಬ ಕಾಕಾ ಟೊಪ್ಪಿಗೆಯಿಂದ ಮುಖ ಮುಚ್ಚಿಕೊಂಡಿದ್ದ. ನನ್ನ ಬೆನ್ನು ಸವರಿದ್ದವಳು ಅಳುತ್ತಿದ್ದಳು. ಅವಳ ಅಳುವೂ ನನಗೆ ಹೇಸಿಗೆಯಾಯಿತು. ಹೆರ್ಲೇಕರ ಗಡಿಯಾರ ನೋಡಿಕೊಂಡ.

ಕಾಗದ ಮೊದಲೇ ಟೈಪಾಗಿತ್ತು. ಮಾಹಿತಿದಾರಳ, ಅಂದರೆ ನನ್ನ, ಧ್ವನಿ ಸಣ್ಣದಿದ್ದ ಕಾರಣ ಲೋಪ ಸಂಭವಿಸಿದೆ. ನಾನು ಸಹಿ ಮಾಡಿದೆ. ಸಹಿಯ ಕೆಳಗೆ ನನ್ನ ಏಳನೆಯ ಇಯತ್ತೆಯ ಅಕ್ಷರಗಳಲ್ಲಿ, ಯಂತ್ರಕ್ಕೆ ಕೇಳಿತ್ತು ಎಂದು ಬರೆದೆ. ಯಾರೂ ತಡೆಯಲಿಲ್ಲ. ಸಹಿಯ ಕೆಳಗೆ ಬರೆದದ್ದನ್ನು ಯಾರೂ ಓದುವುದಿಲ್ಲ. ಕುರ್ಚಿ ಬಿಟ್ಟು ಬಂದೆ. ಬಿಡು ಎಂದು ಅವರು ಹೇಳುವುದಕ್ಕೆ ಮೊದಲು.

ಮೂರು ದಿನದ ಮೇಲೆ ಶಾಲೆಯ ಗೋಡೆಗೆ ಹೊಸ ಕಾಗದ ಬಂತು. ಕುರಡಗೇರಿ, ಎಂಬತ್ತೆರಡು. ಬಾಳವ್ವನ ಹೆಸರಿರಲಿಲ್ಲ. ಅದರ ಪಕ್ಕದಲ್ಲಿ ಬಣ್ಣದ ಚಿತ್ರಗಳ ಇನ್ನೊಂದು ಹಾಳೆ: ತುರ್ತು ಕರೆಯಲ್ಲಿ ಸರಿಯಾದ ಮಾತು ಬಳಸಿ. ದೊಡ್ಡದಾತು ಎಂಬುದರ ಮೇಲೆ ಕೆಂಪು ಗೀಟು ಎಳೆದಿತ್ತು. ನಗುತ್ತಿರುವ ಒಬ್ಬ ಹೆಂಗಸು ಫೋನು ಹಿಡಿದು ನಿಂತಿದ್ದಳು. ಅವಳ ಕೈಗಳು ತುಂಬ ಚೆನ್ನಾಗಿದ್ದವು.

ಈರವ್ವ ಬಟ್ಟಲಲ್ಲಿ ಮಜ್ಜಿಗೆ ತಂದು ಚಿಗವ್ವನ ಮುಂದಿಟ್ಟಳು. "ಏನೋ ಮಾತಿಗೆ ಮಾತು ಬಂದಿತ್ತು, ಮನಸ್ಸಿಗೆ ಹಚಗೋಬ್ಯಾಡ ಬಾಳಕ್ಕಾ," ಎಂದಳು. ಚಿಗವ್ವ ತಲೆಯಾಡಿಸಿದಳು. ದಾವಲಸಾಬ ಕಾಕಾ ಕೆಲಸ ಬಿಟ್ಟು ಬಂದು, ಶಾಲೆಯ ಪಕ್ಕ ಆಡುಗಳನ್ನು ಓಡಿಸಿ, ಗಂಗವ್ವನ ಟ್ಯಾಂಕಿನ ತುಕ್ಕು ಕೆರೆಯುತ್ತಿದ್ದ. ಪಂಪು ಎಲ್ಲಿಂದ ತರುತ್ತಾನೋ ಅವನಿಗೇ ಗೊತ್ತು. ಗರಗರ ಎನ್ನುವ ಆ ಸದ್ದು ಸಂಜೆಯತನಕ ಊರ ತುಂಬ ಕೇಳುತ್ತಿತ್ತು.

ಹೊತ್ತು ಮುಳುಗಿತು. ನಾನು ದೇವರ ಮುಂದೆ ದೀಪ ಹಚ್ಚಿದೆ. ಚಿಗವ್ವ ಬಟ್ಟೆ ಸುತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತಳು. ಅರ್ಧ ಹೊಲಿದ ಕೌದಿ ಮೂಲೆಯಲ್ಲಿ ಮಡಿಚಿಟ್ಟಿತ್ತು, ಸೂಜಿ ಅದರಲ್ಲೇ ಇತ್ತು. ಊಟದ ಹೊತ್ತಾಯಿತು. ಅವಳ ಬೆರಳುಗಳು ಇನ್ನು ಬತ್ತಿ ಒತ್ತಲಾರವು.

"ದೀಪ ದೊಡ್ಡದ ಮಾಡವಾ ಪಕ್ಕೀ," ಎಂದಳು.

ನಾನು ಬತ್ತಿಯನ್ನು ಎರಡು ಬೆರಳಿನಿಂದ ಒತ್ತಿದೆ. ಸುಟ್ಟಿತು.

"ಆರಿತು," ಎಂದೆ.

ಚಿಗವ್ವ ಬೆಚ್ಚಿ ನನ್ನ ಕಡೆ ತಿರುಗಿದಳು. ಕತ್ತಲೆಯಲ್ಲಿ ಅವಳ ಮುಖ ಕಾಣಲಿಲ್ಲ. ಹಾಗನ್ನಬೇಡ ಎಂದು ಅವಳು ಹೇಳುವುದರೊಳಗೆ ಎದುರು ಮನೆಯ ಬಾಗಿಲು ತೆರೆಯಿತು, ಈರವ್ವ ಹೊರಗೆ ಬಂದು "ಏನಾತವಾ, ಏನ ಆರಿತು?" ಎಂದು ಕೂಗಿದಳು. ಶಾಲೆಯ ಕಡೆ ತುಕ್ಕು ಕೆರೆಯುವ ಸದ್ದೂ ನಿಂತಿತು.

ಅಷ್ಟು ಗಟ್ಟಿಯಾಗಿ ಹೇಳಿದ್ದೆ.